ಮುದ್ದೆ ಕೋಲಿಗೆ ಕಟ್ಟಿದ ಕೆಂಪು ಎಳೆ

ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ. ಟ್ಯೂಬ್ ಒತ್ತಿದರೆ ಮುಲಾಮು ಅಷ್ಟುದ್ದ ಬರಬೇಕು. ಎರಡು ಅಂಗೈಯಗಲದ ಚರ್ಮಕ್ಕೆ ಅದು ಸಾಕು. ಚಳ್ಳಕೆರೆಯ ಚರ್ಮವೈದ್ಯರು ಇಷ್ಟು ಚೊಕ್ಕವಾಗಿ ಹೇಳಿದ ಮೇಲೂ ನನ್ನ ಸೋದರತ್ತೆ ಕೇಳಿದಳು:

“ಯಾರ ಬೆರಳು ಡಾಕ್ಟ್ರೇ? ನಿಮ್ದಾ, ನಂದಾ?”

ಮನೆಗೊಬ್ಬಳು ಇಂಥ ಅತ್ತೆ ಇದ್ದಿದ್ದರೆ ವೈದ್ಯರೆಲ್ಲ ಇಷ್ಟು ಹೊತ್ತಿಗೆ ಬೇರೆ ಕಸುಬು ಹುಡುಕಿಕೊಂಡಿರುತ್ತಿದ್ದರು!

ಅತ್ತೆ ಇರುವುದು ಮೊಳಕಾಲ್ಮೂರಿನಲ್ಲಿ. ಪಕ್ಕದ ಮನೆಯ ಮಗ್ಗಕ್ಕೆ ರೇಷ್ಮೆ ನೂಲು ಸುತ್ತಿಕೊಡುವುದು ಅವಳ ಕೆಲಸ. ಕಳೆದ ವರ್ಷ ಅವಳ ಮೈಮೇಲೆ ನೀರುಗುಳ್ಳೆಗಳೆದ್ದವು. ಹುಟ್ಟಿನಿಂದ ಬಂದದ್ದಲ್ಲ, ಅಂಟುವುದೂ ಅಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಚರ್ಮದ ಮೇಲೆ ತಿರುಗಿಬೀಳುವ ಅಪರೂಪದ ಕಾಯಿಲೆ ಎಂದರು ವೈದ್ಯರು. ಹಚ್ಚಲು ಮುಲಾಮು, ನುಂಗಲು ಗುಳಿಗೆ. ಅತ್ತೆಯ ಕಿವಿಗೆ ಬಿದ್ದದ್ದು ‘ಅಪರೂಪ’ ಒಂದೇ.

“ಏನಮ್ಮಾ, ಕೈಗೇನಾಗೈತೆ?” ಬಸ್ಸಿನಲ್ಲಿ ಪಕ್ಕದ ಹೆಂಗಸು ಕೇಳಿದಳು.

“ಅಪರೂಪದ್ದು ಕಣವ್ವ. ಎಲ್ಲಾರಿಗೂ ಬರಂಗಿಲ್ಲ,” ಎಂದಳು ಅತ್ತೆ, ಪ್ರಶಸ್ತಿ ಬಂದವರ ಗತ್ತಿನಲ್ಲಿ.

ಆ ಹೆಂಗಸು ಎದ್ದು ಹೋಗಿ ಕಂಡಕ್ಟರ್ ಬಳಿ ನಿಂತಳು. ಮೂವರ ಸೀಟು ಪೂರ್ತಿ ನಮ್ಮದು! ಅತ್ತೆ ಕಾಲು ಚಾಚಿದಳು. ನಾನು ಕಿಟಕಿಯತ್ತ ಸರಿದೆ.

ಗುಳಿಗೆಗೆ ಮುಖ ಊದಿಕೊಂಡಿತು. “ನೋಡೇ, ಮದ್ವೆ ದಿನಾನೂ ಇಂಥ ಕೆನ್ನೆ ಇರ್ಲಿಲ್ಲ. ಒಂದು ಫೋಟೋ ತೆಗಿ.” ತೆಗೆದೆ. ಕೆನ್ನೆಯ ಜೊತೆ ರಕ್ತದ ಸಕ್ಕರೆಯೂ ಏರಿತ್ತು. ಗುಳಿಗೆಯನ್ನು ತಟ್ಟನೆ ನಿಲ್ಲಿಸುವಂತಿಲ್ಲ. ಹೊಸ ಗುಳ್ಳೆ ಏಳುವುದು ನಿಂತರೆ ಸ್ವಲ್ಪಸ್ವಲ್ಪವೇ ಇಳಿಸಬಹುದು. ಕೈಕಾಲು ವಾಸಿಯಾದವು. ಬೆನ್ನು ಮಾತ್ರ ಜಗ್ಗಲಿಲ್ಲ.

“ಬೆನ್ನಿಗೆ ಯಾರಮ್ಮ ಹಚ್ಚೋದು?” ಈ ಸಲ ತೋರಿಸಲು ಹೋದಾಗ ವೈದ್ಯರು ಕೇಳಿದರು.

“ನಾನೇ. ಮುದ್ದೆ ಕೋಲಿಗೆ ಬಟ್ಟೆ ಸುತ್ಕೊಂಡು. ಸುಣ್ಣ ಹೊಡಿಯಂಗೆ.”

ವೈದ್ಯರು ಕನ್ನಡಕ ತೆಗೆದಿಟ್ಟರು. “ಈ ಹುಡುಗಿ ಹಚ್ಚಬಾರದಾ?”

“ಇವಳಾ? ಯಾರ ಕೈ ಮುಟ್ಟೋಕೂ ಮೂರು ಸಲ ಯೋಚ್ನೆ ಮಾಡ್ತಾಳೆ ಸಾರ್!”

ಸುಳ್ಳಲ್ಲ. ನಾನು ನೆಲದ ಹಾಸುಗಲ್ಲು ಎಣಿಸತೊಡಗಿದೆ.

“ಮುಂದಿನ ತಿಂಗಳೊಳಗೆ ಬೆನ್ನು ಮಾಯದಿದ್ರೆ ಗುಳಿಗೆ ಇನ್ನೂ ಏರಿಸಬೇಕಾಗುತ್ತೆ,” ಎಂದರು ವೈದ್ಯರು. ಅತ್ತೆ ಆಗ ನಗಲಿಲ್ಲ.

ಸಂಜೆ ಅತ್ತೆಯ ಮನೆಯಲ್ಲಿ, “ನನಗೆ ಮುದ್ದೆ ಬೇಡ, ಅನ್ನ ಸಾಕು,” ಎಂದೆ.

“ಅಯ್ಯೋ ಹುಚ್ಚಿ, ಅದು ಬೇರೆ ಕೋಲು! ಗುರುತು ಐತೆ ನೋಡು.”

ಕೋಲಿಗೆ ಕೆಂಪು ರೇಷ್ಮೆ ಎಳೆ ಕಟ್ಟಿತ್ತು. ಎಣಿಸುವುದು ನನಗೆ ಚಟ. ಅಂಥದೇ ಎಳೆ ಒಂದು ಚೊಂಬಿನ ಕೊರಳಿಗೆ, ಒಂದು ಟವೆಲಿಗೆ, ಬಾಚಣಿಗೆಗೆ, ಚಾಪೆಯ ಅಂಚಿಗೆ. ಎಲ್ಲವೂ ಅವಳವೇ. ಮೂಲೆಯಲ್ಲಿದ್ದ ನೂಲಿನ ರಾಟೆಗೆ ಎಳೆ ಇರಲಿಲ್ಲ, ಧೂಳಿತ್ತು.

“ರಾಟೆ ಯಾಕತ್ತೆ ನಿಲ್ಲಿಸಿದೆ?”

“ಮುಲಾಮಿನ ಜಿಡ್ಡು. ನೂಲು ಕರೆ ಆಗ್ತೈತೆ.”

“ಕೈಗೆ ಮುಲಾಮು ಹಚ್ಚೋದು ಬಿಟ್ಟು ಎರಡು ತಿಂಗಳಾಯ್ತಲ್ಲ?”

ಅತ್ತೆ ಸಾರು ಕಲಕಿದಳು. ಕಲಕುತ್ತಲೇ ಇದ್ದಳು.

“ಆ ನೂಲಿನ ಸೀರೆ ಯಾವ ಮದುಮಗಳು ಉಡ್ತಾಳೋ, ಏನೋ. ಅಂಟಲ್ಲ ಅಂತ ಡಾಕ್ಟ್ರು ನಮಗೆ ಹೇಳ್ತಾರೆ. ಬಸ್ಸಲ್ಲಿ ಎದ್ದು ಹೋದೋಳಿಗೆ ಹೇಳಿದ್ರಾ?”

ನಾನೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ, ಅತ್ತೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಆ ಕೋಲನ್ನು ಅಟ್ಟಕ್ಕೆಸೆದೆ. ಕೆಂಪು ಎಳೆಯ ಚಾಪೆ ಹಾಸಿ ಅವಳನ್ನು ಕೂರಿಸಿದೆ. ಹಿಂದೆ ಕುಳಿತು, ತುದಿಯಿಂದ ಮೊದಲ ಗೆರೆಯವರೆಗೆ ಮುಲಾಮು ಹಿಂಡಿದೆ, ನನ್ನ ಬೆರಳಿಗೆ.