ಡ್ರೈವರ್ ಇಲ್ಲದ ಕಾರು ಮತ್ತು ಚಿದ್ರಿಯ ಸಿಸ್ಟರ್

ಇನ್ನೂ ಬರದ ಗಾಡಿಯ ಬಗ್ಗೆ ದಿನವಿಡೀ ಬರೆಯುವ ಕೆಲಸ ನನ್ನದು. ಇಲ್ಲಿ ಓಡಾಡುವ ಗಾಡಿಗಳೇ ನಡುನಡುವೆ ಬಂದು ನಗಿಸಿ ಹೋಗುತ್ತವೆ. ದೂರದ ಊರಿನ ಕಚೇರಿಯೊಂದಕ್ಕಾಗಿ ಬೀದರಿನ ಚಿದ್ರಿಯ ಮನೆಯಲ್ಲೇ ಕುಳಿತು ಪೇಟೆಂಟ್ ಅರ್ಜಿ ಸಿದ್ಧ ಮಾಡುತ್ತೇನೆ. ಸದ್ಯ ಕೈಯಲ್ಲಿರುವುದು ಡ್ರೈವರ್ ಇಲ್ಲದ ಬಾಡಿಗೆ ಕಾರಿನದು: ಅದನ್ನು ಕರೆಯುವುದು ಹೇಗೆ, ಅದರೊಡನೆ ಮಾತಾಡುವುದು ಹೇಗೆ.

ಬರೆದದ್ದನ್ನೆಲ್ಲ ಕೇಳುವವರು ಪಕ್ಕದ ಮನೆಯ ಹಿರಿಯರು. ನರ್ಸ್ ಆಗಿ ನಿವೃತ್ತರಾದ ಅವರು ಇಡೀ ಓಣಿಗೆ ಸಿಸ್ಟರ್. ಕೇಳುವುದಕ್ಕೆ ಕಾರಣವೂ ಇದೆ. ಜೊತೆಗೆ ಕೆಲಸ ಮಾಡಿದ ಗೆಳತಿ ಔರಾದ್ ಕಡೆಯ ಚಿಂತಾಕಿಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಸಿಸ್ಟರ್‌ಗೆ ಮೊಣಕಾಲು ನೋವು, ಬಸ್ ಹತ್ತಲಾಗದು. ಕಾರಿರುವ ಮಗ "ಬರೋ ಐತಾರ ಹೋಗೋಣು" ಎನ್ನುತ್ತಾನೆ. ಐತಾರ ಇವರು ಚರ್ಚಿನಿಂದ ಬರುವಷ್ಟರಲ್ಲಿ ಅವನಿಗೆ ಬೇರೆ ಕೆಲಸ ಬಂದಿರುತ್ತದೆ.

ಕೈ ಎತ್ತುವುದು

"ರಸ್ತೆ ಪಕ್ಕ ನಿಂತವರು ಕೈ ಎತ್ತಿದರೆ ಕಾರು ಗುರುತಿಸಿ ನಿಲ್ಲುತ್ತದೆ" ಎಂದು ಓದಿದೆ.

"ನಮ್ಮಲ್ಲಿ ನಿಂತವರು ಎಲ್ಲಿ ಕೈ ಎತ್ತತಾರ?" ಎಂದರು ಸಿಸ್ಟರ್. "ಗಾಡಿಯಾಂವನೇ ಕರೀತಾನ. ಕಾಲು ಗಟ್ಟಿ ಇದ್ದಾಗ ತಂಗಿ ಮಗಳಿಗೆ ಬಸ್ ಹತ್ತಿಸಲಿಕ್ಕೆ ಸ್ಟ್ಯಾಂಡಿಗೆ ಹೋಗಿದ್ದೆ. ಒಬ್ಬಾಂವ ಬಂದು, ಬರ್ರಿ ಅಮ್ಮಾ, ಭಾಲ್ಕಿ, ಮುಂದಿನ ಸೀಟು ನಿಮಗೇ ಅಂತ ನನ್ನ ಚೀಲ ಇಸಕೊಂಡು ಜೀಪಿನ್ಯಾಗ ಇಟ್ಟ."

"ಆಮ್ಯಾಲ?"

"ಭಾಲ್ಕಿಯೊಳಗ ಚಹಾ ಕುಡಿದು ವಾಪಸ್ ಬಂದೆ. ಅಷ್ಟು ಮರ್ಯಾದಿಲೆ ಕರೆದ್ರ ಒಲ್ಲೆ ಅನ್ನಲಿಕ್ಕೆ ಆಗ್ತದೇನು?"

ಟವೆಲ್

ನಿಮ್ಮ ಕಡೆ ಜನ ಸೀಟು ಹಿಡಿಯುವುದು ಹೇಗೆ ಎಂದು ಕಚೇರಿಯವರು ಕೇಳಿದರು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಎಂದು ಬರೆದೆ. ಅದು ಯಾರ ಟವೆಲ್ ಎಂದು ತಿಳಿಯುವುದು ಹೇಗೆ ಎಂದು ಮರುಪ್ರಶ್ನೆ ಬಂತು. ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಆಗತಾನೇ ಟವೆಲ್ ಹಾಕಿ ನಿಂತಿದ್ದ ಒಬ್ಬರನ್ನು ಕೇಳಿದೆ.

"ಯಾರದಂತ ಯಾಕ ಬೇಕ್ರಿ? ಯಾರದೋ ಅದ ಅಂತ ತಿಳಿದ್ರ ಸಾಕು" ಎಂದರು.

ಅದನ್ನೇ ಬರೆದು ಕಳಿಸಿದೆ. ಅಲ್ಲಿಂದ ತಯಾರಾಗಿ ಬಂದ ಕಾರಿನ ಚಿತ್ರದಲ್ಲಿ ಸ್ಟೀರಿಂಗ್ ಇರಲಿಲ್ಲ, ಟವೆಲ್ ಇತ್ತು.

ಮನೆಯವರಿಗೆ ತಿಳಿಸುವುದು

"ಹತ್ತಿದವರು ಎಲ್ಲಿದ್ದಾರೆಂದು ಕಾರು ತಾನೇ ಮನೆಯವರಿಗೆ ತಿಳಿಸುತ್ತದೆ" ಎಂದು ಓದಿದಾಗ ಸಿಸ್ಟರ್ ಮುಖ ಸಪ್ಪಗಾಯಿತು.

"ಹಂಗಾದ್ರ ಅದೂ ನಮ್ಮ ಓಣಿ ಆಟೋ ಭಾಯಿನೇ ಆಯ್ತು."

ಭಾಯಿ ಒಳ್ಳೆಯ ಮನುಷ್ಯ. ಆದರೆ ಸಿಸ್ಟರ್ ಆಟೋ ಹತ್ತಿದರೆ ಸಾಕು, ಮಗನಿಗೆ ಫೋನ್ ಹೋಗುತ್ತದೆ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಸಿಸ್ಟರ್ ಮಿಠಾಯಿ ಅಂಗಡಿ ಮುಂದೆ ಇಳಿದದ್ದೂ ವರದಿಯಾಗಿದೆ. ನಕ್ಕೆ, ಸಂಕಟವೂ ಆಯಿತು. ಎಷ್ಟೋ ರೋಗಿಗಳನ್ನು ಎಬ್ಬಿಸಿ ನಡೆಸಿದವರು, ಈಗ ಗೆಳತಿಯನ್ನು ನೋಡಲು ಇನ್ನೊಬ್ಬರ ಬಿಡುವು ಕಾಯುತ್ತಾರೆ. ನಾನು ಬರೆಯುವ ಕಾರು ಈ ಓಣಿಗೆ ಬರುವಷ್ಟರಲ್ಲಿ ಆ ಇಬ್ಬರಲ್ಲಿ ಯಾರಿರುತ್ತಾರೋ.

ಚಿಂತಾಕಿ

ಮರುವಾರ ಸಿಸ್ಟರ್ ಅದೇ ಭಾಯಿಯ ಆಟೋ ಹತ್ತಿ ಔರಾದ್ ರಸ್ತೆ ಹಿಡಿದರು. ದಾರಿಯಲ್ಲಿ ಚಹಾಕ್ಕೆ ನಿಂತಾಗ ಭಾಯಿ ಎಂದಿನಂತೆ ಸಿಸ್ಟರ್ ಮಗನಿಗೆ ಫೋನ್ ಮಾಡಿದರು. ಮಗ ಇದ್ದ ಕೆಲಸ ಬಿಟ್ಟು ಕಾರು ತೆಗೆದುಕೊಂಡು ಓಡಿ ಬಂದ. ಅಷ್ಟು ದೂರ ಬಂದ ತಾಯಿಗೆ ತಿರುಗಿ ನಡಿ ಎನ್ನಲು ಬಾಯಿ ಬರದೆ, ಗೊಣಗುತ್ತಲೇ ತನ್ನ ಕಾರಿನಲ್ಲಿ ಚಿಂತಾಕಿಗೆ ಮುಟ್ಟಿಸಿದ. ಗೆಳತಿಯರಿಬ್ಬರೂ ಸಂಜೆವರೆಗೆ ಕೈ ಹಿಡಿದು ಕುಳಿತಿದ್ದರಂತೆ. ಮಗ ಅವಸರ ಮಾಡಲಿಲ್ಲವಂತೆ.

ಅವರು ಮನೆಗೆ ಬಂದ ಮೇಲೆ ಕೇಳಿದೆ, "ಮಗಗ ಹೇಳಬ್ಯಾಡ ಅಂತ ಭಾಯಿಗೆ ಒಂದು ಮಾತು ಹೇಳಬೇಕಿತ್ತಲ್ರಿ, ಸಿಸ್ಟರ್?"

"ಹೇಳಿದೆನಲ್ಲಮ್ಮಾ, ಎರಡು ಸಲ. ಒಮ್ಮೆ ಹೇಳಿದ್ರ ಫೋನ್ ಮಾಡೋದು ಮರೀತಾನೇನೋ ಅಂತ."