ದೊಡ್ಡ ಪಕ್ಷದ ಸೀಟೂ ನಮ್ಮತ್ತೆಯ ಪಂಕ್ತಿಯೂ

ಎಲ್ಲಿ ಹೋದರೂ ಫಜೀತಿ ನನ್ನ ವಿಳಾಸ ಹುಡುಕಿಕೊಂಡು ಬರುತ್ತೆ. ಮೈಸೂರಲ್ಲಿದ್ದಾಗ ಬೀದಿಯ ಗಣಪತಿ ಕಮಿಟಿಗೂ ಸೇರದವಳು ನಾನು. ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ಗೆ ಬಂದು ಕೌನ್ಸಿಲ್ ಚುನಾವಣೆಗೆ ನಿಂತೆ ಅಂದರೆ ನೀವೇ ಯೋಚನೆ ಮಾಡಿ. ನಿಂತದ್ದೂ ಎಂಥ ಪಕ್ಷದಿಂದ! ಈ ದ್ವೀಪದ ದೇಶವನ್ನು ಅಜ್ಜನ ಕಾಲದಿಂದ ಹೆಚ್ಚುಕಮ್ಮಿ ಆಳಿಕೊಂಡೇ ಬಂದ ಪಕ್ಷ. ಹೆಸರು ಬೇಡ, ದೊಡ್ಡ ಪಕ್ಷ ಅನ್ನೋಣ. ಜಂಭ ಅಂದುಕೊಂಡರೆ ಅಂದುಕೊಳ್ಳಿ, ಸ್ವಲ್ಪ ಇದೆ.

೧. ದಾಯಾದಿಗಳು

ಶುರುವಾಗಿದ್ದು ಒಂದು ಬೀದಿದೀಪದಿಂದ. ನಮ್ಮ ಮನೆ ಪಕ್ಕದ ಓಣಿಯಲ್ಲಿ ದೀಪ ಕೆಟ್ಟು ತಿಂಗಳಾಗಿತ್ತು. ದೂರು ಕೊಡೋಣ ಅಂತ ಕಮ್ಯುನಿಟಿ ಹಾಲ್‌ಗೆ ಹೋದರೆ ಅಲ್ಲಿ ದೊಡ್ಡ ಪಕ್ಷದ ನಮ್ಮ ಏರಿಯಾ ಶಾಖೆಯ ಸಭೆ. ಇಪ್ಪತ್ತು ಕುರ್ಚಿ, ನಾಲ್ಕು ಜನ. ಶಾಖೆಯ ಕಾರ್ಯದರ್ಶಿ ಎಪ್ಪತ್ತು ದಾಟಿದ ಮನುಷ್ಯ. ಈ ಶಾಖೆ ಕಟ್ಟಿದ್ದೇ ಆತನ ತಾತನಂತೆ. ತಾತನ ಕೈಬರಹ ಇರುವ ಸಭೆಯ ಪುಸ್ತಕವನ್ನು ಈಗಲೂ ಬ್ಯಾಗಿನಲ್ಲಿ ಇಟ್ಟುಕೊಂಡೇ ಓಡಾಡ್ತಾನೆ.

ದೀಪದ ವಿಷಯ ಬಾಯಿಗೆ ಬರುವ ಮುಂಚೆ ಇತಿಹಾಸ ಬಂತು. ಬ್ರಿಟಿಷರ ವಿರುದ್ಧ ಒಟ್ಟಿಗೆ ಹೋರಾಡಿದವರು, ಅವರು ಅರ್ಧ ಸ್ವಾತಂತ್ರ್ಯ ಕೊಟ್ಟ ಒಪ್ಪಂದ ಒಪ್ಪಬೇಕೋ ಬೇಡವೋ ಅಂತ ಜಗಳವಾಡಿ ಇಬ್ಭಾಗ ಆದರಂತೆ. ಅಣ್ಣ ಆ ಕಡೆ, ತಮ್ಮ ಈ ಕಡೆ, ಮಧ್ಯೆ ಬಂದೂಕು. ಆ ಎರಡು ಕಡೆಯಿಂದ ಎರಡು ಪಕ್ಷ, ಅದರಲ್ಲಿ ಒಂದು ಇವರದು. ಮೂರು ತಲೆಮಾರು ಒಬ್ಬರ ಮುಖ ಒಬ್ಬರು ನೋಡದೆ, ಈಗ ಒಟ್ಟಿಗೆ ಸರ್ಕಾರ ನಡೆಸ್ತಿದ್ದಾರೆ. ಅದನ್ನು ಹೇಳುವಾಗ ಮಾತ್ರ ಆತನ ದನಿ ಇಳಿಯಿತು.

ನನಗೆ ಇದೇನು ಹೊಸದಾ? ನಮ್ಮ ತಾತ ಮತ್ತು ಅವರ ದೊಡ್ಡಪ್ಪನ ಮಕ್ಕಳು ಒಂದು ಬಾವಿ ಪಾಲಾಗುವಾಗ ಮಾತು ಬಿಟ್ಟವರು, ಬಾವಿ ಬತ್ತಿದ ಮೇಲೂ ಮಾತಾಡಲಿಲ್ಲ. ಕೊನೆಗೆ ಎರಡೂ ಮನೆಯ ಮೊಮ್ಮಕ್ಕಳು ಸೇರಿ ಅದೇ ಜಾಗದಲ್ಲಿ ಚೌಲ್ಟ್ರಿ ಕಟ್ಟಿಸಿದರು. ಇಷ್ಟು ಹೇಳಿದೆ, ಅಷ್ಟೇ. ಕಾರ್ಯದರ್ಶಿ ಉಳಿದ ಮೂವರ ಕಡೆ ತಿರುಗಿ, ಇಲ್ಲೇ ಹುಟ್ಟಿದವರಿಗೂ ಇಷ್ಟು ಬೇಗ ಅರ್ಥ ಆಗಲ್ಲ ಅಂದ. ಹತ್ತು ನಿಮಿಷದಲ್ಲಿ ನಾನು ಸದಸ್ಯೆ. ದೀಪ ಇವತ್ತಿಗೂ ಹತ್ತಿಲ್ಲ.

೨. ಗೇಟಿನ ಆಚೆ, ಗೇಟಿನ ಈಚೆ

ಎರಡು ವರ್ಷ ಕಳೆಯಿತು. ನಮ್ಮ ಏರಿಯಾದಲ್ಲಿ ಪಕ್ಷಕ್ಕೆ ಉಳಿದಿದ್ದು ಒಂದೇ ಸೀಟು. ಅದರಲ್ಲಿ ಕೂತಿದ್ದವರು ವಯಸ್ಸಾಯಿತು ಅಂತ ಬಿಟ್ಟರು. ಅದೂ ಹೋದರೆ ಶಾಖೆ ಮುಚ್ಚಿ ಪಕ್ಕದ ಶಾಖೆಗೆ ಸೇರಿಸುವುದು ಅಂತ ಮೇಲಿನಿಂದ ಮಾತು ಬಂದಿತ್ತು. ನಿಲ್ಲುವುದಕ್ಕೆ ಯಾರೂ ಒಪ್ಪಲಿಲ್ಲ. ಕಾರ್ಯದರ್ಶಿ ಆ ಪುಸ್ತಕವನ್ನು ನನ್ನ ಮುಂದಿಟ್ಟು, "ಕೊನೆಯ ಪುಟ ನನ್ನ ಕೈಯಲ್ಲಿ ಬರೆಸಬೇಡ" ಅಂದ. ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಗ್ರ್ಯಾಂಡ್ ಕೆನಾಲ್ ಡಾಕ್‌ನ ಆಫೀಸ್ ಮುಗಿಸಿ ಬಂದು, ಸಂಜೆ ಇಬ್ಬರೂ ಮನೆ ಮನೆ ತಿರುಗ್ತಿದ್ದೆವು. ಒಂದು ಮನೆ ಗೇಟಿನ ಹತ್ತಿರ ಆತ ನಿಂತುಬಿಟ್ಟ. ಅದು ಆ ಕಡೆಯವರ ಮನೆ, ನಮ್ಮ ತಾತ ಕಾಲಿಟ್ಟಿಲ್ಲ, ನಾನೂ ಇಡಲ್ಲ ಅಂದ. ನಾನೊಬ್ಬಳೇ ಹೋದೆ. ಬಾಗಿಲು ತೆಗೆದ ಅಜ್ಜಿ, ನಿಮಗಂತೂ ಓಟು ಹಾಕಲ್ಲ, ಟೀ ಕುಡಿದು ಹೋಗು ಅಂದರು. ಅಷ್ಟರಲ್ಲಿ ಮಳೆ. ಆ ಮನುಷ್ಯನನ್ನೂ ಕರಿ ಅಂದರು. ಆತ ಬರಲಿಲ್ಲ. ಕೊನೆಗೆ ಅಜ್ಜಿಯೇ ಕೊಡೆ ಹಿಡಿದು, ಕಪ್ ತಗೊಂಡು ಗೇಟಿನ ತನಕ ಹೋಗಿ ಗೇಟಿನ ಮೇಲಿಂದ ಕೊಟ್ಟರು. ಇಬ್ಬರೂ ಆಚೆ ಒಬ್ಬರು ಈಚೆ ಒಬ್ಬರು ನಿಂತು, ಒಂದೇ ಕೊಡೆ ಕೆಳಗೆ, ಮಂಡಿನೋವಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಥ್ಯಾಂಕ್ಸ್ ಹೇಳುವ ಹೊತ್ತಿಗೆ ತಾತನ ನೆನಪಾಯಿತು ಅಂತ ಕಾಣುತ್ತೆ. ಖಾಲಿ ಕಪ್ ನನ್ನ ಕೈಗೆ ಕೊಟ್ಟು, "ಟೀ ಚೆನ್ನಾಗಿತ್ತು ಅಂತ ಅವರಿಗೆ ಹೇಳಿಬಿಡು" ಅಂದ. ಅಜ್ಜಿ ಎದುರಿಗೇ ನಿಂತಿದ್ದರು.

೩. ಕಂಬದ ಮೇಲೆ ನಾನು

ಇಲ್ಲಿ ಚುನಾವಣೆ ಬಂತು ಅಂದರೆ ಕಂಬ ಕಂಬಕ್ಕೂ ಅಭ್ಯರ್ಥಿಯ ಮುಖ. ನನ್ನದೂ ಬಂತು. ನಮ್ಮ ಜೊತೆಗೇ ಇರುವ ಅತ್ತೆಯನ್ನು ಕರ್ಕೊಂಡು ಹೋಗಿ ತೋರಿಸಿದೆ, ಸೊಸೆ ಅಂದರೆ ಏನು ಅಂತ ನೋಡಲಿ ಅಂತ. ಅತ್ತೆ ಕಂಬದ ಕೆಳಗೆ ನಿಂತು ತುಂಬಾ ಹೊತ್ತು ನೋಡಿದರು. ಮೇಲೆ ಸಾಲಾಗಿ ನಾಯಕರ ಫೋಟೋ ಇಲ್ಲ, ಕೆಳಗೆ ಶುಭ ಕೋರುವವರ ಹೆಸರಿಲ್ಲ, ಹಾರವಿಲ್ಲ, ಜೈಕಾರವಿಲ್ಲ.

"ನಮ್ಮ ಕಡೆ ಹೀಗೆ ಒಬ್ಬರದೇ ಫೋಟೋ ಹಾಕೋದು ಯಾವಾಗ ಗೊತ್ತಾ?" ಅಂದರು. ಬಿಡ್ತು ಅನ್ನಿ ಅತ್ತೆ ಅಂದೆ. ಆದರೆ ಅವರು ಹೇಳಿದ್ದು ಸುಳ್ಳಲ್ಲ. ಪಕ್ಕದ ಟಾಲಾದಲ್ಲಿರುವ ನನ್ನ ಗೆಳತಿಯ ಅಪ್ಪ ಊರಿಂದ ಹಿಂದಿನ ದಿನವಷ್ಟೇ ಬಂದಿದ್ದರು. ಬಸ್ಸಿನಿಂದ ನನ್ನ ಮುಖ ನೋಡಿದ್ದಾರೆ. ಸಂಜೆ ನನ್ನ ಗಂಡನಿಗೆ ಫೋನು ಮಾಡಿ, ಧೈರ್ಯ ತಂದುಕೋಪ್ಪಾ, ಮಗಳನ್ನು ನೋಡಿಕೋ ಅಂದರಂತೆ. ಇವರು ಚುನಾವಣೆಯ ಬಗ್ಗೆ ಅಂದುಕೊಂಡು, ಏನು ಮಾಡೋದು ಸರ್, ಅವಳೇ ಆಸೆಪಟ್ಟು ಹೋದಳು ಅಂದಿದ್ದಾರೆ.

೪. ಕೊನೇ ಪಂಕ್ತಿ

ಈಗ ಅಸಲು ಕಥೆ. ಇಲ್ಲಿ ಕೌನ್ಸಿಲ್ ಚುನಾವಣೆಗೆ ಪೌರತ್ವ ಬೇಡ, ವಾಸವಿದ್ದು ಹೆಸರು ಬರೆಸಿದರೆ ಸಾಕು. ಹಾಗಾಗಿ ಅತ್ತೆಗೂ ಓಟು, ಅವರ ಭಜನೆ ಬಳಗದ ಹೆಂಗಸರಿಗೂ, ಅವರ ಮನೆಯವರಿಗೂ ಓಟು. ಒಂದು ಏರಿಯಾಗೆ ಹಲವು ಸೀಟು, ಓಟು ಅಂದರೆ ಒಬ್ಬರಿಗೆ ಒತ್ತಿ ಬರುವುದಲ್ಲ. ಅಭ್ಯರ್ಥಿಗಳ ಮುಂದೆ ಒಂದು, ಎರಡು, ಮೂರು ಅಂತ ಬರೀಬೇಕು. ತೀರಾ ಹಿಂದೆ ಬಿದ್ದವರು ಔಟ್ ಆದಾಗ ಅವರ ಪ್ರತಿ ಚೀಟಿಯೂ ಅದರಲ್ಲಿ ಎರಡನೇ ನಂಬರು ಸಿಕ್ಕವರಿಗೆ ಹೋಗುತ್ತೆ. ಇದನ್ನು ಬಳಗಕ್ಕೆ ಹೇಳಿಕೊಡುವ ಜವಾಬ್ದಾರಿ ಅತ್ತೆಗೆ ವಹಿಸಿದ್ದೆ.

ಎಣಿಕೆಯ ದಿನ ಪೆಟ್ಟಿಗೆ ತೆಗೆಯುವಾಗ ಪಕ್ಷದವರು ಕಟಕಟೆಯಾಚೆ ನಿಂತು, ಚೀಟಿ ನೋಡಿ ನೋಡಿ ಯಾರಿಗೆ ಎಷ್ಟು ಅಂತ ಗೀಟು ಹಾಕಿಕೊಳ್ಳುತ್ತಾರೆ. ನಮ್ಮ ಕಾರ್ಯದರ್ಶಿಗೆ ಅದರಲ್ಲಿ ನಲವತ್ತು ವರ್ಷದ ಅನುಭವ. ನಮ್ಮವರೇ ತುಂಬಿರುವ ಬಡಾವಣೆಯ ಪೆಟ್ಟಿಗೆ ತೆಗೆದರು. ಆತ ಪೆನ್ಸಿಲ್ ಕೆಳಗಿಟ್ಟು ನನ್ನ ಕಡೆ ತಿರುಗಿದ. "ನಿನ್ನ ಜನ ನಿನಗೆ ಹಾಕಿಲ್ಲ" ಅಂದ.

ಒಂದನೇ ನಂಬರು ಪೂರ್ತಿ ಒಬ್ಬ ಮುದುಕನಿಗೆ ಬಿದ್ದಿತ್ತು. ಪಕ್ಷವಿಲ್ಲದ ಅಭ್ಯರ್ಥಿ, ರಿಟೈರಾದ ಬಸ್ ಡ್ರೈವರ್. ನಮ್ಮ ಬಸ್ ಸ್ಟಾಪಿಗೆ ಒಂದು ಬೆಂಚು ಹಾಕಿಸಬೇಕು, ಅದೊಂದೇ ಆತನ ಬೇಡಿಕೆ. ಪ್ರತಿ ಸಲ ನಿಲ್ಲೋದು, ಪ್ರತಿ ಸಲ ಸೋಲೋದು. ಹೊರಗೆ ಬಂದು ಅತ್ತೆಗೆ ಫೋನು ಮಾಡಿದೆ, ಅಳು ಬಂದಿತ್ತು.

"ಅತ್ತೆ, ಒಂದನೇ ನಂಬರು ಯಾರಿಗೆ ಹಾಕಿ ಅಂದ್ರಿ ಎಲ್ಲರಿಗೂ?"

"ಆ ಬೆಂಚಿನವರಿಗೆ. ಓಟು ಕೇಳೋಕೆ ಮನೆಗೆ ಬಂದಿದ್ದರಲ್ಲೇ, ಉಪ್ಪಿಟ್ಟು ತಿಂದು ಹೋದರು. ಅತಿಥಿಗೆ ಬಡಿಸದೆ ಮನೆಯವರು ಕೂರ್ತಾರಾ? ಮೊದಲನೇ ಎಲೆ ಅವರಿಗೆ, ಎರಡನೇದು ನಿನಗೆ. ಊರವರ ಮುಂದೆ ನಮ್ಮ ಹುಡುಗಿಗೇ ಮೊದಲು ಬಡಿಸಿಕೊಂಡರೆ ಏನಂದುಕೊಳ್ತಾರೆ?"

ಫೋನಿಟ್ಟೆ. ಒಳಗೆ ಹೋಗಿ ಕೂತೆ. ಜೊತೆಗೆ ಬಂದಿದ್ದ ಮಗಳು ಇಲ್ಲಿಯವರ ಹಾಗೇ ರಾಗ ಎಳೆದು, ಯು'ಲ್ ಬಿ ಗ್ರ್ಯಾಂಡ್ ಅಮ್ಮಾ, ಏನೂ ಆಗಲ್ಲ ಅಂದಳು. ಕಾರ್ಯದರ್ಶಿ ತಾತನ ಪುಸ್ತಕವನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ.

ಮಾರನೇ ದಿನ ಮಧ್ಯಾಹ್ನ ಬೆಂಚಿನ ಮುದುಕ ಔಟ್ ಆದ. ಆತನ ಚೀಟಿಗಳನ್ನು ಹಂಚಲು ಶುರು ಮಾಡಿದರು. ಒಂದು ನನ್ನ ಕಟ್ಟಿಗೆ, ಇನ್ನೊಂದೂ ನನ್ನ ಕಟ್ಟಿಗೆ, ಆಮೇಲೆ ಎಲ್ಲವೂ ನನ್ನ ಕಡೆಗೇ. ನಮ್ಮವರದ್ದಷ್ಟೇ ಆಗಿದ್ದರೆ ಸಾಲುತ್ತಿರಲಿಲ್ಲ. ಆತನ ಹಳೇ ಸ್ನೇಹಿತರದ್ದು, ಬಸ್ ಡ್ರೈವರ್‌ಗಳದ್ದು, ಎಲ್ಲಾ ಬಂತು. ಬಳಗದವರು ತನಗೆ ಒಂದನೇ ನಂಬರು ಕೊಡ್ತಾರೆ ಅಂತ ಉಪ್ಪಿಟ್ಟು ತಿಂದ ದಿನವೇ ಅತ್ತೆ ಬೆರಳೆಣಿಸಿ ತೋರಿಸಿದ್ದರಿಂದ ಗೊತ್ತಾಗಿ, ಆತ ತನ್ನ ಜನಕ್ಕೆಲ್ಲ ಎರಡನೇದು ಆ ಮನೆಯವಳಿಗೆ ಹಾಕಿ ಅಂದಿದ್ದನಂತೆ. ಕೊನೆಯ ಸೀಟು, ಒಂಬತ್ತು ಓಟಿನ ಅಂತರದಲ್ಲಿ, ನನಗೆ. ಕಾರ್ಯದರ್ಶಿ ಪುಸ್ತಕ ತೆರೆದು ತಾತನ ಬರಹದ ಕೆಳಗೇ ನನ್ನ ಹೆಸರು ಬರೆದ. ನಾನಂತೂ ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ವಾರದೊಳಗೆ ಪಕ್ಷದ ಮುಖ್ಯ ಕಚೇರಿಯಿಂದ ಒಬ್ಬರು, ಕೋಟು ಹಾಕಿಕೊಂಡು, ಕಾರ್ಯದರ್ಶಿಯ ಜೊತೆ ಮನೆಗೆ ಬಂದರು. ಇಷ್ಟು ಅಚ್ಚುಕಟ್ಟಾದ ಓಟಿನ ತಂತ್ರ ಪಕ್ಷದ ಇತಿಹಾಸದಲ್ಲೇ ಅಪರೂಪ, ಯಾರ ತಲೆಯದು ಅಂತ ಕೇಳಿದರು. ಅಡುಗೆಮನೆ ತೋರಿಸಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು, ಕೊನೇ ಪಂಕ್ತಿಯವರಿಗೇ ಪಾಯಸ ಗಟ್ಟಿ ಸಿಗೋದು ಅಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬರೆದುಕೊಂಡರು.

ಹೋಗುವ ಮುಂಚೆ ಅವರು ಅತ್ತೆಗೆ ಪಕ್ಷದ ಬಗ್ಗೆ ಹೆಮ್ಮೆಯಿಂದ ಹೇಳಿದರು: ದೇಶ ಕಟ್ಟಿದ್ದು ನಾವು, ಶಾಲೆ ತಂದದ್ದು ನಾವು, ರಸ್ತೆ ಮಾಡಿದ್ದು ನಾವು. ನಾನು ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿದೆ. ಅತ್ತೆ ತಲೆದೂಗಿ ತಲೆದೂಗಿ ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದರು:

"ಸಂತೋಷ. ಇಷ್ಟು ವರ್ಷ ಆಳಿದ್ದಾರಲ್ಲ, ಬಸ್ ಸ್ಟಾಪಿಗೆ ಒಂದು ಬೆಂಚು ಹಾಕಿಸೋಕೆ ಪುರುಸೊತ್ತು ಆಗಲಿಲ್ವಂತಾ ಕೇಳು."

ಅದನ್ನು ಮಾತ್ರ ನಾನು ತಿರುಗಿಸಲಿಲ್ಲ. ಕೌನ್ಸಿಲ್ಲಿನ ಮೊದಲ ಸಭೆಯಲ್ಲಿ ಎದ್ದು ಕೇಳಿದೆ. ಈಗ ಬೆಂಚು ಬಂದಿದೆ. ದಿನಾ ಬೆಳಿಗ್ಗೆ ಅತ್ತೆ ಆ ತುದಿಯಲ್ಲಿ, ಡ್ರೈವರ್ ಈ ತುದಿಯಲ್ಲಿ, ಮಧ್ಯೆ ಫ್ಲಾಸ್ಕು. ಬೆಂಚಿಗೆ ಸೂರಿಲ್ಲ, ಮಳೆಗೆ ಕೂರೋಕಾಗಲ್ಲ ಅಂತ ಮುದುಕ ಮುಂದಿನ ಸಲ ಮತ್ತೆ ನಿಲ್ಲುತ್ತಾನಂತೆ, ನನ್ನ ವಿರುದ್ಧವೇ.

ಅತ್ತೆ ಆಗಲೇ ಮಾತು ಕೊಟ್ಟಾಗಿದೆ: ಮೊದಲನೇ ಎಲೆ ಆತನಿಗೇ.