ಓಣಿಯ ಇಂಟರ್ನೆಟ್ಟೂ ನನ್ನ ನಿಯಮವೂ

ನನಗೊಂದು ಕೆಟ್ಟ ಚಟವಿದೆ. ನಾಲ್ಕು ಜನ ಸೇರಿದಲ್ಲಿ ನ್ಯಾಯ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡುತ್ತ ಕೂಡುವುದು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವನು ತನ್ನ ಬೀಗರ ಸಾಲಿಗೆ ಎರಡು ಸಲ ಹೋದರೆ ನನಗೆ ಊಟ ಸೇರುವುದಿಲ್ಲ. ಹೋಳಿಗೆ ನನಗೆ ಬರಲಿಲ್ಲವೆಂದಲ್ಲ, ತತ್ವದ ಪ್ರಶ್ನೆ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವನಿಗೆ ಇಷ್ಟಾದರೂ ಇರಬೇಡವೇ?

ಆಗ ಇಂಟರ್ನೆಟ್ ನಮ್ಮ ವಿದ್ಯಾನಗರಕ್ಕೆ ಹೊಸದು. ಓಣಿಯವರೆಲ್ಲ ಸೇರಿ ಒಂದೇ ಕನೆಕ್ಷನ್ ತೆಗೆದುಕೊಂಡು ಮನೆಮನೆಗೆ ವೈರು ಎಳೆದಿದ್ದೆವು. ತಿಂಗಳಿಗೆ ಸಿಗುವುದು ಇಂತಿಷ್ಟೇ ತಾಸು. ಯಾವಾಗ ಚಾಲೂ, ಯಾವಾಗ ಬಂದ್ ಎಂದು ಗೊತ್ತುಮಾಡಲು ಒಂದು ಸಮಿತಿ. ಅದು ರವಿವಾರ ನಮ್ಮ ಪಡಸಾಲೆಯಲ್ಲೇ ಕೂಡುತ್ತಿತ್ತು. ಅದಕ್ಕೆ ಕಾರಣ ನನ್ನ ಘನತೆಯಲ್ಲ, ನನ್ನ ಹೆಂಡತಿ ಸುಮಿತ್ರಾ ಮಾಡುವ ಚಹಾ. ಓಣಿಯ ಮೂಲೆಯಲ್ಲಿ ಸೈಬರ್ ಕೆಫೆ ಇಟ್ಟಿದ್ದ ಈರಣ್ಣನೂ ಒಬ್ಬ ಸದಸ್ಯ. ಒಂದು ರವಿವಾರ ಅವನು, "ಮಧ್ಯಾಹ್ನ ಬಂದ್ ಇಡೂನ್ರಿ ಸರ, ಆವಾಗ ಯಾರ ನೋಡ್ತಾರ?" ಎಂದ. ನನ್ನ ತತ್ವ ಎದ್ದು ಕುಳಿತಿತು. ಮನೆಯಲ್ಲಿ ಬಂದ್ ಆದರೆ ಜನ ಹೋಗುವುದು ಇವನ ಕೆಫೆಗೇ ಅಲ್ಲವೇ!

ಅಲ್ಲಿಯೇ ನಿಯಮ ಮಾಡಿದೆ: ಯಾವ ನಿರ್ಣಯದಿಂದ ಯಾರಿಗೆ ಲಾಭವೋ, ಆ ನಿರ್ಣಯದ ಹೊತ್ತಿಗೆ ಅವರು ಹೊರಗಿರಬೇಕು. ಎಲ್ಲರೂ ತಲೆದೂಗಿದರು. ಈರಣ್ಣ ಎದ್ದು ಹೋಗಿ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತ. ಉಳಿದವರು ಚೂಡಾ ತಿಂದು, ಚಹಾ ಕುಡಿದು, ಯಾರ ಮುಲಾಜಿಗೂ ಬೀಳದೆ ತೀರ್ಮಾನಿಸಿದೆವು: ಮುಂಜಾನೆ ಚಾಲೂ, ಸಂಜೆ ಚಾಲೂ, ಮಧ್ಯಾಹ್ನ ಬಂದ್. ಮಧ್ಯಾಹ್ನ ನಾವ್ಯಾರೂ ಮನೆಯಲ್ಲಿರುವುದಿಲ್ಲವಲ್ಲ.

ಆ ರಾತ್ರಿ ಅಡಿಗೆಮನೆಯಲ್ಲಿ ನಿಂತು ನನ್ನ ಪರಾಕ್ರಮ ಬಣ್ಣಿಸಿದೆ. ಸುಮಿತ್ರಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಂದ್ರ ಈರಣ್ಣ ಒಳಗ ಕೂತಿದ್ರೂ ಇದಾ ಆಗ್ತಿತ್ತಲ್ರಿ?"

ಆಗ ನನಗೆ ಹೊಳೆಯಿತು. ಮದುವೆಯಾದಾಗ ಅರ್ಧಕ್ಕೆ ಬಿಟ್ಟ ಎಂ.ಎ.ಯನ್ನು ಅವಳು ಅಂಚೆ ಶಿಕ್ಷಣದ ಮೂಲಕ ಮತ್ತೆ ಹಿಡಿದಿದ್ದಳು. ಕೊನೆಯ ಪ್ರಬಂಧಕ್ಕೆ ಬೇಕಾದದ್ದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಬರೆದುಕೊಳ್ಳುತ್ತಿದ್ದದ್ದು ಮಧ್ಯಾಹ್ನವೇ, ಮಕ್ಕಳು ಶಾಲೆಯಲ್ಲಿದ್ದು ನಮ್ಮವ್ವ ಮಲಗಿದ ಹೊತ್ತಿನಲ್ಲಿ.

"ಮುಂಜಾನೆ ನಿಮ್ಮ ಡಬ್ಬಿ, ಸಂಜೀಕ ಹುಡುಗೂರ ಅಭ್ಯಾಸ. ನಾ ಯಾವಾಗ ಕೂಡ್ಲಿ? ಈ ವರ್ಷ ತಪ್ಪಿದ್ರ ನಾ ಮತ್ತ ಓದೂದಿಲ್ಲ, ನೋಡ್ರಿ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಈರಣ್ಣನ ಕೆಫೆಗೆ ಹೋಗು ಎನ್ನಲು ಬಾಯಿ ತೆರೆದವನು, ಅದರ ಲಾಭ ಯಾರಿಗೆಂದು ನೆನಪಾಗಿ ಮುಚ್ಚಿದೆ. "ಬರೂ ರವಿವಾರ ನಿನ್ನ ಪರವಾಗಿ ಮಾತಾಡ್ತೇನಿ" ಎಂದೆ.

"ನೀವ್ಯಾಕ? ನನಗೂ ಬಾಯಿ ಅದ. ನಾನಾ ಬರ್ತೇನಿ."

ಬಂದಳು, ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು. ಪಡಸಾಲೆಯ ಕುರ್ಚಿಗಳು ಆಗಲೇ ತುಂಬಿದ್ದರಿಂದ ನಾವು ಗಂಡಸರು ನಿಂತೇ ಇದ್ದೆವು. ಸುಮಿತ್ರಾ ನನ್ನ ನಿಯಮವನ್ನು ನನಗಿಂತ ಸ್ಪಷ್ಟವಾಗಿ ಹೇಳಿ, "ಮಧ್ಯಾಹ್ನ ಬಂದ್ ಇಟ್ರ ಆ ತಾಸೆಲ್ಲಾ ಸಂಜೀಕ ಸಿಗ್ತಾವ. ಲಾಭ ಯಾರಿಗೆ? ನಿಮಗ. ಹೊರಗ ನಡೀರಿ" ಎಂದಳು.

ಪಕ್ಕದ ಮನೆಯ ಯಜಮಾನರು, "ಚಾಲೂ ಇಟ್ರ ಲಾಭ ನಿಮಗಲ್ಲೇನ್ರಿ ವೈನಿ?" ಎಂದು ಜಾಣತನ ತೋರಿಸಿದರು.

"ಖರೇ. ಅದಕ್ಕಾ ಹೋದ ವಾರ ನಾವು ಹೊರಗಿದ್ವಿ. ಈ ವಾರ ಪಾಳಿ ನಿಮ್ದು."

ನಮ್ಮದೇ ಮನೆಯಿಂದ ಹೊರಬಿದ್ದೆ. ಕಟ್ಟೆಯ ಮೇಲೆ ಈರಣ್ಣ ಮೊದಲೇ ಕುಳಿತಿದ್ದ; ಸರಿದು ಜಾಗ ಕೊಟ್ಟ. ಒಳಗಿಂದ ಸುಮಿತ್ರಾಳ ಗಟ್ಟಿ ದನಿ ಕೇಳಿತು: "ಮಧ್ಯಾಹ್ನ ಚಾಲೂ. ಎಲ್ಲಾರೂ ಹೂಂ ಅಂದ್ರೇನ್ರಿ?" ಎಲ್ಲರೂ ಹೂಂ ಅಂದರು. ಹಿಂದೆಯೇ ಕಪ್ಪುಬಸಿಗಳ ಸದ್ದು, ಏಲಕ್ಕಿಯ ವಾಸನೆ. ನಾನು ಬಾಗಿಲ ಕಡೆ ಕತ್ತು ಚಾಚಿದೆ.

"ಚಾದ ಹಾದಿ ನೋಡಬ್ಯಾಡ್ರಿ ಸರ" ಎಂದ ಈರಣ್ಣ. "ಹ್ವಾದ ವಾರ ನನಗೂ ಇಲ್ಲಿಗೆ ಬಂದಿದ್ದಿಲ್ಲ."